ಮೂವತ್ತು ಮೀಟರಿನ ಟೇಪು

ನಮ್ಮ ಮನೆಯಲ್ಲಿ ಶೂ ರ್‍ಯಾಕಿನ ಮೇಲಿನ ಡ್ರಾಯರಿನಲ್ಲಿ ಒಂದು ಟೇಪು ಇದೆ. ಹಳದಿ ಬಣ್ಣದ್ದು, ಫೈಬರಿನದು, ಪಕ್ಕದಲ್ಲಿ ಸುತ್ತುವ ಹಿಡಿ ಇರುವಂಥದ್ದು. ಉದ್ದ ಸರಿಯಾಗಿ 30 ಮೀಟರ್. ಕೊಳ್ಳುವಾಗ ಹಾರ್ಡ್‌ವೇರ್ ಅಂಗಡಿಯವರು, ‘ಮನೆ ಅಳೆಯೋಕೆ ಇಷ್ಟುದ್ದ ಯಾಕೆ ಮೇಡಂ, ಚಿಕ್ಕದು ಸಾಕಲ್ವಾ?’ ಅಂದಿದ್ದರು. ಮನೆಗಲ್ಲ, ಕೆರೆಗೆ ಅಂದೆ. ಅವರು ನನ್ನ ಮುಖ ಒಂದು ಸಲ ನೋಡಿ ಬಿಲ್ ಹಾಕಿದರು. 2025ರ ಆಗಸ್ಟಿನಲ್ಲಿ ಕೆರೆಗಳ ಕಾಯಿದೆಗೆ ತಿದ್ದುಪಡಿ ಮಾಡುವ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು ಅಂತ ಪೇಪರಿನಲ್ಲಿ ಓದಿದ ದಿನ ಯಾಕೋ ಆ ಡ್ರಾಯರ್ ಎಳೆದು ಟೇಪು ಕೈಗೆ ತಗೊಂಡೆ. ಇನ್ನು ಮೇಲೆ ಇದರಲ್ಲಿ ಏನನ್ನು ಅಳೆಯೋದು ಅನ್ನೋ ಪ್ರಶ್ನೆ ಅವತ್ತು ತಲೆಗೆ ಹೊಕ್ಕಿದ್ದು ಇನ್ನೂ ಹೋಗಿಲ್ಲ.

ಮಸೂದೆಯಲ್ಲಿ ಇರೋದು ಇಷ್ಟು. 2014ರ ಕಾಯಿದೆ ಪ್ರಕಾರ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕಟ್ಟುವಂತಿಲ್ಲ. ದೊಡ್ಡ ಕೆರೆ, ಸಣ್ಣ ಕೆರೆ ಅನ್ನೋ ಭೇದ ಇಲ್ಲ. ಹೊಸ ಲೆಕ್ಕದಲ್ಲಿ ಕೆರೆಯ ಗಾತ್ರ ನೋಡಿ ಬಫರ್, ಅಂದರೆ ಕೆರೆಯ ಸುತ್ತ ಕಟ್ಟದೆ ಬಿಡಬೇಕಾದ ಜಾಗ. 100 ಎಕರೆಗಿಂತ ದೊಡ್ಡದಾದರೆ 30 ಮೀಟರ್ ಹಾಗೇ ಇರುತ್ತದೆ. 25ರಿಂದ 100 ಎಕರೆಗೆ 24 ಮೀಟರ್, 10ರಿಂದ 25ಕ್ಕೆ 12, 1ರಿಂದ 10 ಎಕರೆಗೆ 6, ಒಂದು ಎಕರೆಯೊಳಗಿನದಕ್ಕೆ 3. ಐದು ಗುಂಟೆ ಮತ್ತು ಅದಕ್ಕಿಂತ ಚಿಕ್ಕದಾದರೆ ಏನೂ ಇಲ್ಲ, ಸೊನ್ನೆ. ಜೊತೆಗೆ ರಸ್ತೆ, ಸೇತುವೆ, ಕರೆಂಟಿನ ಲೈನು, ಒಳಚರಂಡಿ ಇಂಥವಕ್ಕೆ ಬಫರಿನಲ್ಲಿ ದಾರಿ. ಕೇಳೋಕೆ ನ್ಯಾಯವಾಗಿಯೇ ಇದೆ. ನೂರು ಎಕರೆ ಕೆರೆಗೂ ಅಂಗೈಯಗಲದ ಕುಂಟೆಗೂ ಒಂದೇ ಅಳತೆ ಯಾಕೆ ಅಂತ ಯಾರಾದರೂ ಕೇಳಿದರೆ ನಾನೂ ಒಂದು ಕ್ಷಣ ತಲೆಯಾಡಿಸುತ್ತೇನೆ. ಆಮೇಲೆ ಟೇಪು ನೆನಪಾಗುತ್ತದೆ.

2022ರ ಮಾರ್ಚ್, ಒಂದು ಭಾನುವಾರ. ನಮ್ಮ ಬೀದಿಯಲ್ಲಿ ಒಬ್ಬರು ಅಂಕಲ್ ಇದ್ದಾರೆ, ಸರ್ವೆ ಕೆಲಸ ಮಾಡಿ ನಿವೃತ್ತರಾದವರು. ಬಾಂದುಕಲ್ಲು ಕಂಡರೆ ನಿಂತು ಮಾತಾಡಿಸುವ ಪೈಕಿ. ಬೆಳಗ್ಗೆ ವಾಕಿಂಗ್ ಹೋದವರು ಅರ್ಧಕ್ಕೇ ವಾಪಸ್ ಬಂದು ನಮ್ಮ ಬೆಲ್ ಒತ್ತಿದರು. ‘ಕೆರೆ ಮೇಲುಗಡೆ ಜೆಸಿಬಿ ನಿಂತಿದೆಯಮ್ಮ, ಪಾಯ ತೆಗೀತಿದ್ದಾರೆ. ನಿನ್ನ ಹತ್ರ ಟೇಪಿದೆ ಅಲ್ವಾ?’ ಇಬ್ಬರೂ ಹೋದೆವು. ಗಡಿಯ ಕಲ್ಲು ಹುಡುಕೋಕೇ ಅರ್ಧ ಗಂಟೆ ಹಿಡಿಯಿತು. ಸುತ್ತ ಎದೆಯೆತ್ತರ ಕಾಂಗ್ರೆಸ್ ಗಿಡ (ಪಕ್ಷಕ್ಕೂ ಅದಕ್ಕೂ ಸಂಬಂಧವಿಲ್ಲ). ಅಂಕಲ್ ಕೋಲಿನಿಂದ ಸರಿಸುತ್ತಾ, ಕಾಲಲ್ಲಿ ತಟ್ಟುತ್ತಾ ಹೋಗಿ ಕೊನೆಗೆ ಒಂದು ಕಡೆ ನಿಂತು, ಇಲ್ಲೇ ಇದೆ ಅಂದರು. ಮಣ್ಣು ಕೆದಕಿದರೆ ನಿಜವಾಗಿಯೂ ಒಂದು ಮೋಟು ಕಲ್ಲು. ಬಣ್ಣ ಹೋಗಿತ್ತು, ನಂಬರಿನ ಅರ್ಧ ಉಳಿದಿತ್ತು. ಅಷ್ಟರಲ್ಲಿ ಪಾಯದ ಹತ್ತಿರ ಇದ್ದ ಮೇಸ್ತ್ರಿ ಬಂದ. ಜಗಳ ಆಗುತ್ತೆ ಅಂತ ನಾನು ಗಟ್ಟಿ ಮನಸ್ಸು ಮಾಡಿಕೊಳ್ಳುತ್ತಿದ್ದೆ. ಅವನು, ‘ಏನ್ ಸಾರ್ ಅಳೀತಿದ್ದೀರಿ, ಕೊಡಿ ಈ ಕಡೆ ನಾನು ಹಿಡೀತೀನಿ’ ಅಂತ ಟೇಪಿನ ಕೊಕ್ಕೆ ತಗೊಂಡು ನೇರ ಪಾಯದ ಅಂಚಿಗೆ ಹೋಗಿ ಕೂತ. ಕಸುಬಿನವನ ಕೈ, ಟೇಪು ಒಂದು ಚೂರೂ ಜೋಲಾಗಲಿಲ್ಲ. ಅಂಕಲ್ ಕಲ್ಲಿನ ಹತ್ತಿರ ಬಗ್ಗಿ ಓದಿದರು: ಇಪ್ಪತ್ತೆರಡೂವರೆ. ಮೇಸ್ತ್ರಿ ಎದ್ದು ಬಂದು ತಾನೂ ಒಂದು ಸಲ ನೋಡಿದ. ‘ಎಷ್ಟಿರಬೇಕು ಸಾರ್?’ ‘ಮೂವತ್ತು.’ ಅವನು ಪಾಯ ನೋಡಿದ, ಕೆರೆ ನೋಡಿದ, ‘ಓನರ್‌ಗೆ ಫೋನ್ ಹಾಕ್ತೀನಿ’ ಅಂದ.

ಅವತ್ತು ಜೆಸಿಬಿ ನಿಂತಿತು. ಮುಂದಿನ ಎರಡು ತಿಂಗಳು ಫೋಟೋ, ಅರ್ಜಿ, ಸ್ಥಳ ಪರಿಶೀಲನೆ ಅಂತ ಓಡಾಟ ಆಯಿತು. ಆ ಕಥೆ ನಿಮಗೂ ಗೊತ್ತಿರೋದೇ, ಬಿಡಿ. ಕೊನೆಗೆ ಪಾಯ ಹಿಂದಕ್ಕೆ ಹೋಯಿತು. ಮುಂದಿನ ಜಾಗದಲ್ಲಿ ಒಂದು ತಗಡಿನ ಶೆಡ್ ಬಂತು, ಇವತ್ತಿಗೂ ಇದೆ. ಪೂರ್ತಿ ಗೆದ್ದೆವು ಅಂತ ಹೇಳೋಕಾಗಲ್ಲ. ನನಗೆ ಮರೆಯಲಾಗದೆ ಉಳಿದಿರೋದು ಆ ಹತ್ತು ನಿಮಿಷ. ಕಟ್ಟುವವನು ಟೇಪಿನ ಒಂದು ತುದಿ, ಬೇಡ ಅನ್ನುವವರು ಇನ್ನೊಂದು ತುದಿ ಹಿಡಿದಿದ್ದೆವು. ನಡುವೆ ಬಂದ ಸಂಖ್ಯೆಯನ್ನು ಇಬ್ಬರೂ ಒಪ್ಪಿದೆವು. ವಕೀಲರು ಬೇಕಾಗಲಿಲ್ಲ, ಎಂಜಿನಿಯರ್ ಬೇಕಾಗಲಿಲ್ಲ. ಅಂಗಡಿಯಲ್ಲಿ ಸಿಗುವ ಒಂದು ಟೇಪು ಸಾಕಾಯಿತು.

ಏಳು ಗುಂಟೆಯ ಜಗಳ

ಈಗ ಹೊಸ ಲೆಕ್ಕ ಹಾಕಿ ನೋಡಿ. ಒಂಬತ್ತು ಎಕರೆ ಕೆರೆ ಒಂದಿದೆ, ಅಂದಾಜಿಗೆ ಗುಂಡಗಿದೆ ಅಂದುಕೊಳ್ಳಿ. ಸುತ್ತ 30 ಮೀಟರ್ ಬಿಟ್ಟರೆ ಆ ಬಳೆಯ ವಿಸ್ತೀರ್ಣ ಸುಮಾರು ಐದೂಮುಕ್ಕಾಲು ಎಕರೆ. 6 ಮೀಟರ್ ಬಿಟ್ಟರೆ ಒಂದು ಎಕರೆ ಚಿಲ್ಲರೆ. ಅಂದರೆ ಒಂಬತ್ತು ಎಕರೆ ನೀರಿನ ಸುತ್ತ ನಾಲ್ಕೂವರೆ ಎಕರೆಗಿಂತ ಜಾಸ್ತಿ ಜಾಗ ಒಂದೇ ಏಟಿಗೆ ಕಟ್ಟಡಕ್ಕೆ ತೆರೆದುಕೊಳ್ಳುತ್ತದೆ. ಕೆರೆಗಳು ಗುಂಡಗೆ ಇರೋದಿಲ್ಲ, ಕೊಂಕು ಜಾಸ್ತಿ, ಅಂಚು ಉದ್ದ. ಹಾಗಾಗಿ ನಿಜದ ಲೆಕ್ಕ ಇನ್ನೂ ಹೆಚ್ಚೇ ಬರುತ್ತದೆ. 6 ಮೀಟರ್ ಅಂದರೆ 20 ಅಡಿ, 30x40 ಸೈಟಿನ ಅರ್ಧ ಉದ್ದ. ಅಷ್ಟರಲ್ಲಿ ಒಂದು ವಾಕಿಂಗ್ ಟ್ರ್ಯಾಕ್, ಬೇಲಿ, ನಾಲ್ಕು ಕಲ್ಲುಬೆಂಚು ಹಾಕಿದರೆ ಮುಗಿಯಿತು. ಮಳೆನೀರು ಇಂಗೋಕೆ, ಜೊಂಡು ಬೆಳೆಯೋಕೆ, ತುಂಬಿದ ವರ್ಷ ಕೆರೆ ಸ್ವಲ್ಪ ಮೈಮುರಿಯೋಕೆ ಜಾಗ ಉಳಿಯೋದಿಲ್ಲ.

ಆದರೆ ನನಗೆ ಹೆಚ್ಚು ಕಾಡೋದು ಮೀಟರ್ ಕಮ್ಮಿ ಆಗಿದ್ದಲ್ಲ. ಮೀಟರನ್ನು ಎಕರೆಗೆ ಗಂಟು ಹಾಕಿದ್ದು. 10 ಎಕರೆ 5 ಗುಂಟೆ ಕೆರೆ ಆದರೆ 12 ಮೀಟರ್ ಬಿಡಬೇಕು. 9 ಎಕರೆ 38 ಗುಂಟೆ ಅಂತ ತೋರಿಸಿದರೆ 6 ಸಾಕು. ಏಳು ಗುಂಟೆ ಕರಗಿದರೆ ಬಫರ್ ಅರ್ಧಕ್ಕರ್ಧ ಮಾಯ. ಇಷ್ಟು ದಿನ ಕೆರೆಯ ಒಂದು ಮೂಲೆ ನುಂಗಿದವನಿಗೆ ಆ ಮೂಲೆ ಮಾತ್ರ ದಕ್ಕುತ್ತಿತ್ತು. ಈಗ ಮೂಲೆ ನುಂಗಿದರೆ ಸುತ್ತಲಿನ ಎಲ್ಲರಿಗೂ ಲಾಭ. ಕೆರೆ ಚಿಕ್ಕದಾದಷ್ಟೂ ಒಳ್ಳೆಯದು ಅನ್ನುವವರ ಒಂದು ಗುಂಪನ್ನೇ ಕಾನೂನು ಹುಟ್ಟಿಸಿದ ಹಾಗಾಯಿತು. ದಾಖಲೆಯಲ್ಲಿ ಇರುವ ವಿಸ್ತೀರ್ಣ ತಾನೇ ಲೆಕ್ಕಕ್ಕೆ ಬರೋದು ಅಂತ ನೀವು ಕೇಳಬಹುದು. ಸರಿ. ಆದರೆ ಯಾವ ದಾಖಲೆ? ಗ್ರಾಮ ನಕ್ಷೆಯಲ್ಲಿ ಒಂದು, ಪಹಣಿಯಲ್ಲಿ ಒಂದು, ಹೊಸ ಸರ್ವೆಯಲ್ಲಿ ಇನ್ನೊಂದು ಇರೋದು ನಮ್ಮಲ್ಲಿ ಮಾಮೂಲು. ನಮ್ಮ ಅಂಕಲ್‌ಗೆ ಮಸೂದೆಯ ಸುದ್ದಿ ಓದಿ ಹೇಳಿದಾಗ ಅವರು ಕನ್ನಡಕ ತೆಗೆದು, ‘ಹಾಗಾದ್ರೆ ಇನ್ನು ಜಗಳ ಕಲ್ಲಿನ ಹತ್ರ ಅಲ್ಲ, ಕಚೇರೀಲಿ’ ಅಂದರು. ಟೇಪಿನಲ್ಲಿ ಮುಗಿಯುತ್ತಿದ್ದ ಮಾತು ಇನ್ನು ಫೈಲಿನಲ್ಲಿ ನಡೆಯಬೇಕು. ಫೈಲಿನ ತುದಿ ಹಿಡಿಯೋಕೆ ನನ್ನಂಥವಳಿಗೆ ಯಾರು ಬಿಡುತ್ತಾರೆ?

ಇನ್ನು ಆ ಐದು ಗುಂಟೆ. ಐದು ಗುಂಟೆ ಅಂದರೆ 5,445 ಚದರಡಿ, 30x40 ಲೆಕ್ಕದಲ್ಲಿ ನಾಲ್ಕೂವರೆ ಸೈಟು. ಅಷ್ಟೇ ತಾನೇ, ಹೋದರೆ ಹೋಗಲಿ ಅನ್ನಿಸುತ್ತದೆ. 2014ರ ಕಾಯಿದೆ ಬರೆದವರಿಗೆ ಹಾಗನ್ನಿಸಿರಲಿಲ್ಲ. ನೀರಿರಲಿ ಬಿಡಲಿ, ರೆವಿನ್ಯೂ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ, ಏನೇ ಹೆಸರಿನಲ್ಲಿದ್ದರೂ ಅದನ್ನು ಕೆರೆ ಅಂತಲೇ ಎಣಿಸಿದರು. ಅದಕ್ಕೆ ಕಾರಣ ಇದೆ. ಬೆಂಗಳೂರಿನಲ್ಲಿ ದೊಡ್ಡ ಹೊಳೆ ಇಲ್ಲ. ದಿಣ್ಣೆಯ ಮೇಲೆ ಕೂತಿರುವ ಊರು. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಅಂತ ಮೂರು ಕಣಿವೆ ಹಿಡಿದು ಇಳಿಯಬೇಕು. ಹಿಂದಿನವರು ಆ ದಾರಿಯುದ್ದಕ್ಕೂ ಒಂದರ ಕೋಡಿ ಇನ್ನೊಂದರ ತಲೆಗೆ ಬರುವ ಹಾಗೆ ಕೆರೆ ಕಟ್ಟುತ್ತಾ ಹೋದರು. ಆ ಸರಪಳಿಯ ತುತ್ತತುದಿಯಲ್ಲಿ ಇರೋದೇ ಈ ಕುಂಟೆಗಳು. ಅಲ್ಲಿ ತಡೆಯದ ನೀರು ಕೆಳಗೆ ಒಟ್ಟಿಗೇ ಬಂದು ಬೀಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದನ್ನು ಟಿವಿಯಲ್ಲಿ ನೋಡಿದೆವಲ್ಲ, ಅಲ್ಲಿ ಬಂದು ನಿಂತ ನೀರು ಅಲ್ಲಿಯದೊಂದೇ ಅಲ್ಲ.

‘ಮತ್ತೆ ನಿಮಗೇನು?’

ಈ ನಿಯಮಗಳನ್ನು ಸಡಿಲ ಮಾಡುವವರು ಹೇಳುವ ಇನ್ನೊಂದು ಮಾತಿದೆ. ಹೇಗೂ ಯಾರೂ ಪಾಲಿಸೋದಿಲ್ಲ, ಪಾಲಿಸಲಾಗದ ನಿಯಮ ಯಾಕೆ? ಇದು ಬುದ್ಧಿವಂತಿಕೆಯ ಮಾತಿನ ಹಾಗೆ ಕೇಳಿಸುತ್ತದೆ, ನನಗೆ ಮಾತ್ರ ಮೈಯುರಿಯುತ್ತದೆ. ಅಕ್ರಮ–ಸಕ್ರಮ ಹುಟ್ಟಿದ್ದು ಇದೇ ಮಾತಿನಿಂದ. ಮನೆಗೆ ಶೇ 50, ವಾಣಿಜ್ಯ ಕಟ್ಟಡಕ್ಕೆ ಶೇ 25ರವರೆಗೆ ನಿಯಮ ಮೀರಿದ್ದರೂ ದಂಡ ಕಟ್ಟಿ ಸರಿ ಮಾಡಿಕೊಳ್ಳಿ ಅಂದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಿಯಮದಂತೆ ಸುತ್ತ ಜಾಗ (ಸೆಟ್‌ಬ್ಯಾಕ್) ಬಿಟ್ಟು ಕಟ್ಟಿದ ಪಕ್ಕದ ಮನೆಯವರು ದಡ್ಡರು ಅನ್ನಿಸಿಕೊಂಡಿದ್ದು ಮಾತ್ರ ಲಾಭ.

ನಿಯಮ ಪಾಲನೆ ಆಗದಿದ್ದರೂ ಅದು ಇರಬೇಕು ಅಂತ ನನಗೆ ಗೊತ್ತಾಗಿದ್ದು ಒಂದು ಕೌಂಟರಿನ ಮುಂದೆ. 2023ರಲ್ಲಿ ಪೇಪರಿನ ಒಳಪುಟದಲ್ಲಿ ಒಂದು ಪ್ರಕಟಣೆ ಬಂದಿತ್ತು. ಹೀಗೆ ಹೀಗೆ ಸರ್ವೆ ನಂಬರಿನ ಜಮೀನನ್ನು ಕೃಷಿ ವಲಯದಿಂದ ವಸತಿಗೆ ಬದಲಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು 15 ದಿನದೊಳಗೆ ಸಲ್ಲಿಸಿ ಅಂತ. 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯಿದೆಯ 14ಎ ಕಲಂ. ಮಾಸ್ಟರ್ ಪ್ಲಾನಿನಲ್ಲಿ ಹಸಿರು ಅಂತ ಇರುವುದನ್ನು ಬದಲಿಸಬೇಕಾದರೆ ಅದು ಸಾರ್ವಜನಿಕ ಹಿತಕ್ಕಿರಬೇಕು, ಬೇರೆ ಕಾನೂನಿಗೆ ವಿರುದ್ಧ ಇರಬಾರದು, ಪೇಪರಿನಲ್ಲಿ ಹಾಕಿ ಕನಿಷ್ಠ 15 ದಿನ ಜನರನ್ನು ಕೇಳಬೇಕು. ಪ್ರಕಟಣೆಯ ಅಕ್ಷರ ಇರುವೆ ಗಾತ್ರ. ಹತ್ತಿರದ ಗುಡಿ, ಶಾಲೆ, ಬಸ್ ಸ್ಟಾಪು ಯಾವುದರ ಹೆಸರೂ ಇಲ್ಲ, ಬರೀ ಸರ್ವೆ ನಂಬರು. ನಾನು ನೋಡುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಅದನ್ನೂ ನಾನು ಓದಿದ್ದಲ್ಲ, ಹಳೇ ಪೇಪರ್ ಕಪಾಟಿಗೆ ಹಾಸುವಾಗ ಕಣ್ಣಿಗೆ ಬಿತ್ತು. ಅಂಕಲ್ ಗ್ರಾಮ ನಕ್ಷೆ ಬಿಡಿಸಿ ಬೆರಳಿಟ್ಟರು. ನಮ್ಮ ಕೆರೆಗೆ ನೀರು ತರುವ ಕಾಲುವೆ ಆ ಜಮೀನಿನ ನಡುವೆ ಹಾದು ಬರುತ್ತಿತ್ತು.

ಎರಡು ಪುಟ ಆಕ್ಷೇಪಣೆ ಬರೆದು, ನಕ್ಷೆಯ ಝೆರಾಕ್ಸ್ ಹಚ್ಚಿ, ಅರ್ಧ ದಿನ ರಜೆ ಹಾಕಿ ಹೋದೆ. ಕೌಂಟರಿನಲ್ಲಿದ್ದವರು ಒಳ್ಳೆಯವರೇ. ಕಾಗದ ತಿರುಗಿಸಿ ಮುರುಗಿಸಿ ನೋಡಿದರು. ‘ಇದಕ್ಕೆ ಯಾರೂ ಬರೋದಿಲ್ಲ ಮೇಡಂ’ ಅಂದರು. ಆಮೇಲೆ, ‘ನಿಮ್ಮ ಜಮೀನು ಪಕ್ಕದಲ್ಲಿದೆಯಾ?’ ಇಲ್ಲ ಅಂದೆ. ‘ಪಾರ್ಟಿ ನಿಮ್ಮ ಸಂಬಂಧಿಕರಾ? ಭಾಗದ ತಕರಾರು?’ ಅದೂ ಇಲ್ಲ. ಅವರು ಪೆನ್ನು ಕೆಳಗಿಟ್ಟು ನಿಜವಾದ ಕುತೂಹಲದಿಂದ ಕೇಳಿದರು: ‘ಮತ್ತೆ ನಿಮಗೇನು?’

ನನ್ನ ಹತ್ತಿರ ಉತ್ತರ ಇರಲಿಲ್ಲ ಅಂತಲ್ಲ. ಮಳೆ, ಕೆರೆ, ಬೋರ್‌ವೆಲ್ ಎಲ್ಲ ಬಾಯಿಗೆ ಬಂತು. ಆದರೆ ಅವರಿಗೆ ಸಾಕಾಗಿದ್ದು ಆ ಯಾವ ಮಾತೂ ಅಲ್ಲ. ಕಾಗದದ ಮೇಲೆ ನಾನು ಬರೆದಿದ್ದ ‘14ಎ ಕಲಂ ಅಡಿಯಲ್ಲಿ’ ಅನ್ನುವ ಒಂದು ಸಾಲು. ಅದನ್ನು ನೋಡಿ ಸೀಲು ಹಾಕಿ ಸ್ವೀಕೃತಿ ಕೊಟ್ಟರು. ಆ ಸಾಲು ಇಲ್ಲದಿದ್ದರೆ ನಾನು ಬರೀ ಒಬ್ಬ ಅಧಿಕಪ್ರಸಂಗಿ. ಪಕ್ಕದ ಜಮೀನಿಲ್ಲದ, ಭಾಗದ ತಕರಾರಿಲ್ಲದ ಒಬ್ಬಳಿಗೂ ಇದರಲ್ಲಿ ಮಾತಿದೆ ಅಂತ ಒಪ್ಪಿಕೊಂಡಿರೋದು ಆ ನಿಯಮ ಒಂದೇ. ಹದಿನೈದು ದಿನ ಸಾಲದು, ಅಕ್ಷರ ಚಿಕ್ಕದು, ನಿಜ. ಆ ಬಾಗಿಲು ಅಷ್ಟೇ ತೆರೆದಿದೆ ಅಂತ ಮುಚ್ಚಿಬಿಡೋದಾ?

ಬೇರೆ ಬಾಗಿಲು ಯಾವುದಿದೆ ಹೇಳಿ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿಗೆ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಈ ಮಸೂದೆ ಪಾಸಾಗುವಾಗ ಇಡೀ ಊರಿನಲ್ಲಿ ಒಬ್ಬರೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. 2031ರ ಮಾಸ್ಟರ್ ಪ್ಲಾನಿನ ಕರಡು 2017ರಲ್ಲಿ ಬಂತು, ಆಮೇಲೆ ವಾಪಸ್ ಹೋಯಿತು. ಹಾಗಾಗಿ 2007ರಲ್ಲಿ ಒಪ್ಪಿಗೆ ಸಿಕ್ಕಿದ, 2015ರವರೆಗೆ ಅಂತ ಮಾಡಿದ್ದ ಪ್ಲಾನಿನಲ್ಲೇ ನಾವು ಬದುಕಿದ್ದೆವು. ಕೆರೆಗೆ 30 ಮೀಟರ್, ರಾಜಕಾಲುವೆಗೆ ದರ್ಜೆ ನೋಡಿ 50, 25, 15 ಅಂತ ಇರೋದು ಅದರಲ್ಲೇ. ಇಲ್ಲೊಂದು ತಮಾಷೆ ಇದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಬಿಡಿ ಅಂತ ಹೇಳಿತ್ತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಾರಣ? ಮಾಸ್ಟರ್ ಪ್ಲಾನಿಗೆ ಕಾನೂನಿನ ಬಲ ಇದೆ, ಅದರಲ್ಲಿರುವ ಅಳತೆಯನ್ನು ನ್ಯಾಯಮಂಡಳಿ ಬದಲಿಸುವಂತಿಲ್ಲ. 30 ಅಂದರೆ 30. ಹೆಚ್ಚು ಮಾಡಬೇಕು ಅಂದಾಗ ಕಲ್ಲಿನ ಮೇಲೆ ಕೆತ್ತಿದ ಹಾಗಿದ್ದ ಅಳತೆ, ಕಮ್ಮಿ ಮಾಡಬೇಕು ಅಂದಾಗ ಬಳಪದಲ್ಲಿ ಬರೆದ ಹಾಗಾಯಿತು.

ಚಿಕ್ಕಪ್ಪನ ಸೈಟು

ಇಷ್ಟೆಲ್ಲ ಬರೆಯೋಕೆ ಸುಲಭ. ನಮ್ಮ ಚಿಕ್ಕಪ್ಪನ ಮುಂದೆ ಹೇಳೋಕೆ ಕಷ್ಟ.

ಚಿಕ್ಕಪ್ಪ 2004ರಲ್ಲಿ ಒಂದು ರೆವಿನ್ಯೂ ಸೈಟು (ಲೇಔಟ್ ಒಪ್ಪಿಗೆ ಇಲ್ಲದೆ ಕೃಷಿ ಜಮೀನನ್ನೇ ಹಂಚಿ ಮಾರಿದ್ದು) ತಗೊಂಡರು. 30x40. ಚಿಕ್ಕಮ್ಮನ ಎರಡೆಳೆ ಸರ ಅದಕ್ಕೇ ಹೋಯಿತು. ಮಾರಿದವನು ಐದು ಎಕರೆಯನ್ನು ಸುಣ್ಣದ ಗೆರೆ ಎಳೆದು ಹಂಚಿ, ದುಡ್ಡು ಎಣಿಸಿಕೊಂಡು ಹೋದ. ಪಕ್ಕದಲ್ಲಿ ಒಂದು ಹಳ್ಳ ಇತ್ತು, ಮಳೆಗಾಲದಲ್ಲಿ ನೀರು ನಿಲ್ಲುತ್ತಿತ್ತು, ‘ಅದನ್ನ ಮುಂದೆ ಪಾರ್ಕ್ ಮಾಡ್ತಾರೆ ಸಾರ್’ ಅಂದಿದ್ದನಂತೆ. ಹತ್ತು ವರ್ಷ ಆದ ಮೇಲೆ ಮನೆ ಕಟ್ಟೋಣ ಅಂತ ಹೋದರೆ, ಅದು ಹಳ್ಳ ಅಲ್ಲ, ಗ್ರಾಮ ನಕ್ಷೆಯಲ್ಲಿರುವ ಸರ್ಕಾರಿ ಕುಂಟೆ, ಏಳು ಗುಂಟೆ, ನಿಮ್ಮ ಸೈಟು ಬಫರಿನಲ್ಲಿದೆ, ಪ್ಲಾನ್ ಕೊಡೋಕಾಗಲ್ಲ ಅಂದರು. ಆವತ್ತಿನಿಂದ ಚಿಕ್ಕಪ್ಪ ಬಾಡಿಗೆ ಮನೆಯಲ್ಲೇ ಇದ್ದಾರೆ. ಸೈಟಿಗೆ ಹಾಕಿದ್ದ ಕಲ್ಲುಕಂಬಗಳಲ್ಲಿ ಎರಡು ಕಳುವಾಗಿವೆ. ಮದುವೆ ಮುಂಜಿಯಲ್ಲಿ ನಾನು ಎದುರು ಸಿಕ್ಕರೆ ಅವರದ್ದು ಒಂದೇ ಮಾತು: ‘ನಿನ್ನ ಕೆರೆ ಉಳಿಸೋಕೆ ನನ್ನ ಸೈಟೇ ಬೇಕಿತ್ತೇನೇ?’

ಇದಕ್ಕೆ ನಾನು ನ್ಯಾಯ ಹೇಳಲಾರೆ. ಸೈಟು ಹಂಚಿದವನಿಗೆ ಏನೂ ಆಗಲಿಲ್ಲ, ಕೊಂಡವರು ಅನುಭವಿಸುತ್ತಿದ್ದಾರೆ. ಸರ್ಕಾರಕ್ಕೆ ಚಿಕ್ಕಪ್ಪನಂಥವರ ಮೇಲೆ ಕನಿಕರ ಇದ್ದರೆ ಬೇರೆ ಕಡೆ ಸೈಟು ಕೊಡಲಿ, ಟಿಡಿಆರ್ (ಬೇರೆ ಕಡೆ ಕಟ್ಟಡಕ್ಕೆ ಬಳಸುವ ಇಲ್ಲವೇ ಮಾರಿಕೊಳ್ಳುವ ಹಕ್ಕು) ಕೊಡಲಿ, ಮೋಸ ಮಾಡಿದವನಿಂದ ವಸೂಲಿ ಮಾಡಿ ಕೊಡಲಿ. ಅದು ಒಬ್ಬೊಬ್ಬರ ಕೇಸು ನೋಡಿ ಮಾಡುವ ಕೆಲಸ, ತಾಪತ್ರಯದ್ದು. ಗೆರೆಯನ್ನೇ ಅಳಿಸೋದು ಸುಲಭ. ಆದರೆ ಗೆರೆ ಅಳಿಸಿದಾಗ ಮೊದಲು ಒಳಗೆ ಬರುವವರು 30x40ರವರಲ್ಲ. ಕೆರೆ ಪಕ್ಕ ಹತ್ತು ಎಕರೆ ಹಿಡಿದು ಕೂತವರು, ಬಾಲ್ಕನಿಯಿಂದ ನೀರು ಕಾಣುತ್ತದೆ ಅಂತ ಫ್ಲ್ಯಾಟಿಗೆ ರೇಟು ಏರಿಸುವವರು. ಸಡಿಲ ಮಾಡುವಾಗ ಭಾಷಣದಲ್ಲಿ ಚಿಕ್ಕಪ್ಪನ ಹೆಸರು ಬರುತ್ತದೆ. 2020ರಲ್ಲಿ, ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂ ಸುಧಾರಣೆ ಕಾಯಿದೆಯ 79ಎ, 79ಬಿ ಕಲಂ ತೆಗೆದಾಗಲೂ ಹೀಗೇ, ಓದಿದ ಹುಡುಗರು ಬೇಸಾಯಕ್ಕೆ ಬರುತ್ತಾರೆ ಅಂದಿದ್ದರು.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದ್ದೇನೆ. ಅವರು ಪೂರ್ತಿ ಕೇಳಿಸಿಕೊಂಡು, ‘ನೀನು ಹೇಳೋದು ಸರಿ ಇರಬಹುದು, ಆದ್ರೆ ನನಗೆ ಅರವತ್ತೆಂಟು’ ಅಂದರು. ಅದಕ್ಕೆ ನಾನು ಏನು ಹೇಳಲಿ?

ಮಸೂದೆ ಪಾಸಾದ ವಾರ ಅವರೇ ಫೋನ್ ಮಾಡಿದರು. ಬಹಳ ದಿನದ ಮೇಲೆ ದನಿಯಲ್ಲಿ ಗೆಲುವಿತ್ತು. ‘ಏಳು ಗುಂಟೆ ಅಂದ್ರೆ ಮೂರು ಮೀಟರ್ ಬಿಟ್ರೆ ಸಾಕಂತಲ್ಲೇ?’ ‘ಇನ್ನೂ ಕಾಯಿದೆ ಆಗಿಲ್ಲ ಚಿಕ್ಕಪ್ಪ’ ಅಂದೆ. ‘ಆಗುತ್ತೆ ಬಿಡು. ಭಾನುವಾರ ಸೈಟಿನ ಹತ್ರ ಹೋಗೋಣ. ಬರೋವಾಗ ನಿನ್ನ ಟೇಪು ತಗೊಂಡು ಬಾ.’

ಹೋದೆವು. ಗುರುತೇ ಸಿಗದಷ್ಟು ಬದಲಾಗಿತ್ತು. ಕುಂಟೆ ಇದ್ದ ಕಡೆ ಲಾರಿಗಟ್ಟಲೆ ಕಟ್ಟಡದ ಕಸ ಸುರಿದಿದ್ದರು. ಒಡೆದ ಟೈಲ್ಸ್, ಸಿಮೆಂಟಿನ ಗಟ್ಟಿ, ಒಂದು ಬಿಳಿ ಕಮೋಡು. ನಡುವೆ ಒಂದಿಷ್ಟು ತಗ್ಗಿನಲ್ಲಿ ನೀರು ಉಳಿದಿತ್ತು, ಅದರಲ್ಲಿ ಒಬ್ಬ ಹುಡುಗ ಆಟೋ ತೊಳೆಯುತ್ತಿದ್ದ. ಚಿಕ್ಕಪ್ಪ ಸೈಟಿನ ಮೂಲೆಯ ಕಂಬದ ಹತ್ತಿರ ನನ್ನನ್ನು ನಿಲ್ಲಿಸಿ, ತಾವು ಟೇಪಿನ ಕೊಕ್ಕೆ ಹಿಡಿದು ಕುಂಟೆಯ ಕಡೆ ನಡೆದರು. ಹತ್ತು ಹೆಜ್ಜೆ ಹೋಗಿ ನಿಂತರು. ಎಡಕ್ಕೆ ಸರಿದರು. ಕಸದ ಗುಡ್ಡೆ ಹತ್ತಿದರು, ಇಳಿದರು. ಬಲಗಡೆ ಆಟೋದವರೆಗೂ ಹೋಗಿ ವಾಪಸ್ ಬಂದರು. ಟೇಪು ಅವರ ಹಿಂದೆ ಟೈಲ್ಸ್ ಚೂರುಗಳ ಮೇಲೆ ಕರಕರ ಎಳೆಯುತ್ತಿತ್ತು. ಕೊನೆಗೆ ಅಲ್ಲಿಂದಲೇ ತಿರುಗಿ ಕೂಗಿದರು:

‘ಎಲ್ಲಿ ಹಿಡೀಲೇ?’